ಪರದೇಶಿ ಚಿಪ್ಪಿನ ರುಚಿ

ನಮ್ಮೂರಿನಲ್ಲಿ ಮನುಷ್ಯರ ಎಂಟ್ರಿಗಿಂತ ಮೊದಲು ಹಕ್ಕಿಯ ಎಂಟ್ರಿ. ಬೆಳಿಗ್ಗೆ ದೋಣಿಗಳು ದಡಕ್ಕೆ ಬಂದ ಕೂಡಲೇ ಒಂದೊಂದು ಬಲೆಯಿಂದ ಒಂದೊಂದು ಮೀನು ತೆಗೆದು ಕರಿಬಂಡೆಯ ಮೇಲೆ ಇಡುತ್ತಾರೆ. ಹಕ್ಕಿ ಕರೆಯುವವರು ಕಡಲಿನ ಕಡೆ ಮುಖ ಮಾಡಿ ಕೂಗುತ್ತಾರೆ. ಬಿಳಿ ಕಡಲಹಕ್ಕಿಗಳು ಬಂದು ಕೊಕ್ಕು ಹಾಕಿದರೆ ಆ ಬಲೆಯ ಮೀನು ಮಾರುಕಟ್ಟೆಗೆ, ಹಾಕದಿದ್ದರೆ ವಾಪಸು ಕಡಲಿಗೆ. ಹಕ್ಕಿ ಮುಟ್ಟದ್ದನ್ನು ತಿಂದರೆ ಊಟದ ಎಲೆ ಎತ್ತುವುದರೊಳಗೆ ನಾಲಿಗೆ ಉಪ್ಪಾಗುತ್ತದೆ. ಉಪ್ಪು ಅಂದರೆ ಅಂತಿಂಥ ಉಪ್ಪಲ್ಲ. ಬೆಲ್ಲ ಇಟ್ಟರೂ ಉಪ್ಪು, ಬಾಳೆಹಣ್ಣು ಇಟ್ಟರೂ ಉಪ್ಪು, ನೀರು ಕುಡಿದರೆ ಕಡಲನ್ನೇ ಕುಡಿದ ಹಾಗೆ. ಅಮಾವಾಸ್ಯೆ ದಾಟಿದ ಮೇಲೆಯೇ ಅದು ಇಳಿಯುವುದು. ಹೊರಗಿನ ಊರಿನವರಿಗೆ ಏನೂ ಆಗುವುದಿಲ್ಲ. ನಮ್ಮ ಬಸ್ಸಿನ ಕಂಡಕ್ಟರು ಏನು ಬೇಕಾದರೂ ತಿಂದು ಹಲ್ಲು ಕಿರಿಯುತ್ತಾನೆ.

ದಿನಾ ಪರೀಕ್ಷೆ ಇರುವುದು ಕಡಲಿನ ಪದಾರ್ಥಕ್ಕೆ ಮಾತ್ರ. ಉಳಿದದ್ದು ಒಮ್ಮೆ ಪಾಸಾದರೆ ಸಾಕು. ಅಕ್ಕಿ, ತೆಂಗಿನಕಾಯಿ, ಬೆಲ್ಲ ಯಾವ ಕಾಲದಲ್ಲಿ ಪಾಸಾದವೋ ಯಾರಿಗೂ ಗೊತ್ತಿಲ್ಲ. ಟೊಮೆಟೊ ನನ್ನ ಅಜ್ಜನ ಕಾಲದಲ್ಲಿ ಪಾಸು. ನೂಡಲ್ಸು ನಾನು ಹೈಸ್ಕೂಲಿಗೆ ಹೋಗುವಾಗ, ಅದೂ ಮತ್ತೆ ಮತ್ತೆ ಫೇಲಾದ ಮೇಲೆ. ಹಕ್ಕಿ ಅದನ್ನು ಹುಳ ಅಂದುಕೊಂಡಿತೋ ಏನೋ. ಗೋಬಿ ಮಂಚೂರಿ ಇವತ್ತಿಗೂ ಪಾಸಾಗಿಲ್ಲ. ಅದನ್ನು ತಿನ್ನಲೇಬೇಕು ಅನ್ನುವವರು ಪಕ್ಕದೂರಿಗೆ ಹೋಗಿ ತಿಂದು, ಉಪ್ಪು ನಾಲಿಗೆ ಹೊತ್ತುಕೊಂಡು ಬಂದು, ಮನೆಯಲ್ಲಿ ಮಾತಾಡದೆ ಕೂರುತ್ತಾರೆ. ಹೆಣ್ಣು ನೋಡಲು ಬಂದವರು ಮೊದಲು ಕೇಳುವುದು ಓದಿನ ಬಗ್ಗೆ ಅಲ್ಲ. "ಹುಡುಗಿ ಮಾಡಿದ ಸಾರಿಗೆ ಹಕ್ಕಿ ಬರ್ತದಾ?" ಅಂತ.

ನಾನು ಸುಕುಮಾರ. ಊರಿನ ಬಾಯಲ್ಲಿ ಡೈಲಾಗು. ನಮ್ಮ ಟಾಕೀಸು ಬಾಗಿಲು ಹಾಕುವವರೆಗೂ ರಿಕ್ಷಾದಲ್ಲಿ ಮೈಕ್ ಹಿಡಿದು ಕೂತು "ಹೆಂಗಸರಿಗೆ ಕಣ್ಣೀರು, ಗಂಡಸರಿಗೆ ಫೈಟು, ಮಕ್ಕಳಿಗೆ ಕಾಮಿಡಿ, ಮಾವಂದಿರಿಗೆ ಎಚ್ಚರಿಕೆ!" ಎಂದು ಬೀದಿ ಬೀದಿ ಸುತ್ತಿದವನು ನಾನೇ. ಟಾಕೀಸು ಮುಚ್ಚಿದ ಮೇಲೆ ಮಾಲೀಕರು ಬೀಗದ ಕೈ ನನ್ನ ಕೈಗೆ ಕೊಟ್ಟು, "ಇಲಿ ಬಾರದ ಹಾಗೆ ನೋಡ್ಕೋ" ಎಂದು ಹೇಳಿ ಮಗಳ ಮನೆಗೆ ಹೋದರು. ಇಲಿಗಳು ಬಂದವು, ಮಾಲೀಕರು ಬರಲಿಲ್ಲ. ಹಳೆಯ ಪೋಸ್ಟರುಗಳ ರಾಶಿ, ಮೈಕು ಮತ್ತು ಬಾಲ್ಕನಿಯ ಮುರಿಯದ ಸೀಟುಗಳು ನನ್ನ ಪಾಲಿಗೆ ಉಳಿದವು. ಅವುಗಳನ್ನು ಇಟ್ಟುಕೊಂಡು ನಾನು ಏನೇನು ಮಾಡಿದ್ದೇನೆ ಅಂತ ಊರಿನವರನ್ನೇ ಕೇಳಬೇಕು. ಊರಿನ ಯಜಮಾನ ಗುರಿಕಾರರ ದನಿಯಲ್ಲಿ "ಇವತ್ತು ಮೀನು ಪುಕ್ಕಟೆ" ಎಂದು ಮೈಕಿನಲ್ಲಿ ಸಾರಿದ್ದನ್ನು ಅವರು ಹೇಳಿಯೇ ಹೇಳುತ್ತಾರೆ.

ಹಕ್ಕಿ ಕರೆಯುವವಳು ನನ್ನ ಅಮ್ಮನ ಅಕ್ಕ, ಗುಲಾಬಿ ದೊಡ್ಡಮ್ಮ. ನಾನು ಬೆಳೆದದ್ದು, ಉಂಡದ್ದು, ಪೊರಕೆಯಲ್ಲಿ ಹೊಡೆಸಿಕೊಂಡದ್ದು ಎಲ್ಲಾ ಅವಳ ಮನೆಯಲ್ಲಿ. ಅವಳು ಸಣ್ಣ ಹೆಂಗಸು, ದನಿ ಮಾತ್ರ ಸೆವೆಂಟಿ ಎಂಎಂ. ಬಂಡೆಯ ಪಕ್ಕ ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿ "ಓ ಬಾ... ಬಾರಾ... ಬಾ..." ಎಂದು ಎಳೆದರೆ ದೂರದ ಅಲೆಯ ಮೇಲೆ ಬಿಳಿ ಚುಕ್ಕಿಗಳು ಏಳುತ್ತಿದ್ದವು. ಹಕ್ಕಿ ಮೀನಿಗೆ ಬಾಯಿ ಹಾಕಿದ ಕ್ಷಣ ಅವಳು ಊರಿನ ಕಡೆ ತಿರುಗಿ "ಮುಟ್ಟಿತೂ!" ಎನ್ನುತ್ತಿದ್ದಳು. ಆ ಒಂದು ಮಾತಿಗೆ ಬೀದಿಯ ಎಲ್ಲ ಒಲೆಗಳು ಹೊತ್ತಿಕೊಳ್ಳುತ್ತಿದ್ದವು. ಗಂಡ ಇಲ್ಲ, ಮಕ್ಕಳಿಲ್ಲ, ಆದರೆ ಊರಿಡೀ ತನ್ನ ಬಾಯಿ ನೋಡಿಕೊಂಡು ಕಾಯುತ್ತದೆ ಎಂಬುದು ಅವಳಿಗೆ ಸಣ್ಣ ಸಂಗತಿ ಆಗಿರಲಿಲ್ಲ. ನಡಿಗೆಯಲ್ಲೇ ಅದು ಗೊತ್ತಾಗುತ್ತಿತ್ತು.

ಹೋದ ಮಳೆಗಾಲದ ಮೊದಲು, ಹೊಳೆ ಕಡಲಿಗೆ ಸೇರುವ ಅಳಿವೆಯ ಬಾಯಲ್ಲಿ ಯಾವುದೋ ದೇಶದ ಹಳೆಯ ಸರಕಿನ ಬಾರ್ಜು ಕೆಟ್ಟು ನಿಂತಿತು. ಅದನ್ನು ಎಳೆದುಕೊಂಡು ಹೋದರು. ಅದರ ತಳಕ್ಕೆ ಅಂಟಿಕೊಂಡು ಬಂದ ಕಪ್ಪು ಚಿಪ್ಪುಗಳು ಹೋಗಲಿಲ್ಲ. ಹೆಬ್ಬೆರಳಿನಷ್ಟು ಉದ್ದ, ಬ್ಲೇಡಿನಷ್ಟು ಹರಿತ. ಮೊದಲು ಜೆಟ್ಟಿಯ ಕಂಬಗಳಿಗೆ ಹತ್ತಿದವು, ಆಮೇಲೆ ಬಂಡೆಗಳಿಗೆ, ದೋಣಿಗಳ ತಳಕ್ಕೆ, ಲಂಗರಿನ ಹಗ್ಗಕ್ಕೆ. ಅಳಿವೆಯ ಮರಳಿನಲ್ಲಿ ಕೈ ಹಾಕಿದರೆ ಸಿಗುತ್ತಿದ್ದ ನಮ್ಮ ಮರುವಾಯಿ ಚಿಪ್ಪುಗಳನ್ನು ಮೇಲಿನಿಂದ ಕಂಬಳಿ ಹೊದೆಸಿದ ಹಾಗೆ ಮುಚ್ಚಿ ಉಸಿರು ಕಟ್ಟಿಸಿ ಕೊಂದವು. ಕಡಲಿಗಿಳಿದವರ ಕಾಲೆಲ್ಲ ಗಾಯ. ಊರು ಅದಕ್ಕೆ ಪರದೇಶಿ ಎಂದು ಹೆಸರಿಟ್ಟಿತು, ಹೆಸರಿನ ಜೊತೆ ಒಂದೊಂದು ಬೈಗುಳವನ್ನೂ ಇಟ್ಟಿತು. ಅದನ್ನು ಬಂಡೆಯ ಮೇಲೆ ಇಟ್ಟು ಹಕ್ಕಿಗೆ ತೋರಿಸಬೇಕು ಎಂದು ಯಾರಿಗೂ ಅನ್ನಿಸಲಿಲ್ಲ. ವಿಲನ್ನನ್ನು ಊಟಕ್ಕೆ ಕರೆಯುವವರು ಯಾರು?

ದೀಪಾವಳಿ ಕಳೆದ ಮೇಲೆ ಹಕ್ಕಿಗಳು ಕಡಿಮೆಯಾದವು. ಒಂದು ದಿನ ಎರಡೇ ಎರಡು ಬಂದು, ಬಂಗುಡೆ ಮೀನನ್ನು ಮೂಸಿದ ಹಾಗೆ ಮಾಡಿ, ನೆಂಟರ ಮನೆಯಲ್ಲಿ ಬೇಡ ಬೇಡ ಅನ್ನುವವರ ಗತ್ತಿನಲ್ಲಿ ಹಾರಿಹೋದವು. ಮಾರನೆಯ ದಿನದಿಂದ ಅದೂ ಇಲ್ಲ. ದೊಡ್ಡಮ್ಮ ಕೂಗಿದಳು, ಕೂಗಿದಳು. ಬಲೆ ತುಂಬ ಮೀನು ಬರುತ್ತಿತ್ತು, ಬುಟ್ಟಿ ಬುಟ್ಟಿ ವಾಪಸು ಕಡಲಿಗೆ ಹೋಗುತ್ತಿತ್ತು. ಮೊದಲೇ ಪಾಸಾಗಿ ಒಣಗಿಸಿಟ್ಟ ಮೀನು ಮುಗಿಯಿತು. ಮನೆ ಮನೆಯಲ್ಲೂ ಗಂಜಿ, ಉಪ್ಪಿನಕಾಯಿ, ಹುರುಳಿ ಚಟ್ನಿ. ಮಾರನೆಯ ದಿನ ಹುರುಳಿ ಚಟ್ನಿ, ಉಪ್ಪಿನಕಾಯಿ, ಗಂಜಿ. ಬೆಕ್ಕುಗಳು ಬಾಗಿಲ ಮುಂದೆ ಧರಣಿ ಕೂತವು.

ಒಂದು ಬೆಳಿಗ್ಗೆ ಸಂಜೀವ ಗುರಿಕಾರರು ಬಂಡೆಯ ಹತ್ತಿರ ಬಂದು ನಿಂತರು. ಕಡಲತೀರದ ಪಂಚಾಯ್ತಿಕೆಯೆಲ್ಲ ಅವರದೇ. ಒಳ್ಳೆಯವರು, ಆದರೆ ಹಸಿದಾಗ ಯಾರೂ ಒಳ್ಳೆಯವರಲ್ಲ.

"ಗುಲಾಬಿ, ಹಕ್ಕಿಗೆ ನಿನ್ನ ಮೇಲೆ ಎಂತದೋ ಬೇಜಾರು ಬಂದಿದೆ," ಎಂದರು.

"ಬೇಜಾರು ಎಂತದಕ್ಕೆ? ನಾನೇನು ಅವುಗಳ ಆಸ್ತಿ ತಿಂದಿದ್ದೇನಾ?"

"ಹಾಗಾದ್ರೆ ನಿನ್ನ ಗಂಟಲು ಹೋಗಿದೆ. ಸೋಮವಾರದೊಳಗೆ ಹಕ್ಕಿ ಬರದಿದ್ರೆ ನನ್ನ ತಂಗಿ ಮಗ ದಿನಕರ ಕರೀತಾನೆ. ಅವನ ಹತ್ರ ಹಾರ್ನು ಉಂಟು."

ನನಗೆ ತಡೆಯಲಿಲ್ಲ. ಎದೆ ಉಬ್ಬಿಸಿ ಮುಂದೆ ಬಂದು, "ಗುರಿಕಾರರೇ! ಕಡಲಿಗೆ ಅಲೆ ಬರುವುದು ಹಾರ್ನು ಕೇಳಿ ಅಲ್ಲ! ಈ ಗಂಟಲು ಬರೀ ಗಂಟಲಲ್ಲ, ಇದು ಊರಿನ..." ಎನ್ನುವಾಗ ಮುಂದಿನ ಸಾಲು ಮರೆತುಹೋಯಿತು.

"ಊರಿನ ಎಂತ ಮಾರಾಯ?" ಎಂದರು ಗುರಿಕಾರರು.

"ಊರಿನ... ಸೈರನ್ನು."

ಎಲ್ಲರೂ ನಕ್ಕರು. ದೊಡ್ಡಮ್ಮ ನಗಲಿಲ್ಲ. ಮನೆಗೆ ಬಂದವಳು ಕಾಳುಮೆಣಸಿನ ಕಷಾಯ ಮಾಡಿ ಲೋಟಗಟ್ಟಲೆ ಕುಡಿದಳು. ಆಮೇಲೆ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದ ನನ್ನನ್ನು ಕರೆದು ಮೆಲ್ಲಗೆ ಕೇಳಿದಳು: "ಸುಕುಮಾರ, ತಮಾಷೆ ಬೇಡ. ನಿಜ ಹೇಳು. ನನ್ನ ದನಿ ಕೆಟ್ಟಿದಾ?"

ಅವಳು ನನ್ನನ್ನು ಪೂರ್ತಿ ಹೆಸರು ಹಿಡಿದು ಕರೆಯುವುದು ಜ್ವರ ಬಂದಾಗ ಮಾತ್ರ. ನನಗಾಗಲಿ ಅವಳಿಗಾಗಲಿ. ನಾನು "ಇಲ್ಲ" ಎಂದೆ. ಅವಳು ನಂಬಲಿಲ್ಲ. ಆ ಮುಖ ನೋಡಿ ನನ್ನೊಳಗಿನ ಹೀರೋ ಎದ್ದು ಕೂತ. ಹೀರೋ ಎದ್ದಾಗ ತಲೆ ಮಲಗಿಬಿಡುತ್ತದೆ, ಅದು ಯಾವಾಗಲೂ ಹಾಗೆಯೇ.

ಟಾಕೀಸಿಗೆ ಹೋಗಿ, ಹೀರೋ ಮೀಸೆ ತಿರುವುತ್ತಿದ್ದ ದಪ್ಪ ಕಾಗದದ ಒಂದು ಪೋಸ್ಟರು ಆರಿಸಿದೆ. ಬಿದಿರಿನ ಕಡ್ಡಿ, ಮೈದಾ ಅಂಟು, ಬಿಳಿ ಸುಣ್ಣ. ಹಕ್ಕಿಯ ಅಳತೆಯಲ್ಲಿ ಗಾಳಿಪಟ ಕಟ್ಟಿ, ಕಾಲಿನ ಜಾಗದಲ್ಲಿ ಮೀನಿನ ಗಾಳ ತೂಗಿಬಿಟ್ಟೆ. ಮಾರನೆಯ ಬೆಳಿಗ್ಗೆ ಕಡಲ ಮೇಲೆ ತೆಳ್ಳಗೆ ಮಂಜಿತ್ತು, ಗಾಳಿಯೂ ಇತ್ತು. ನನ್ನ ಅದೃಷ್ಟಕ್ಕೆ ಕ್ಯಾಮೆರಾಮನ್ ಒಳ್ಳೆಯವನೇ ಸಿಕ್ಕಿದ್ದ. ನಾನು ಬೇಲಿಯ ಮುಂಡುಗದ ಪೊದೆಯ ಹಿಂದೆ ಅಡಗಿ ದಾರ ಹಿಡಿದೆ. ಅವತ್ತು ಊರಿಗೆಲ್ಲ ಸೇರಿದ ಒಂದೇ ದೊಡ್ಡ ಬಲೆ ಇಳಿದಿತ್ತು, ಬಂಡೆಯ ಮೇಲೆ ಅದರ ಬಂಗುಡೆಗಳು ಸಾಲಾಗಿ ಮಲಗಿದ್ದವು. ಊರಿನವರು ದೂರದಲ್ಲಿ ಬಾಯಿ ಮುಚ್ಚಿ ನಿಂತಿದ್ದರು. ದೊಡ್ಡಮ್ಮ "ಓ ಬಾ..." ಎಂದಳು, ದನಿ ನಡುವೆ ಒಡೆಯಿತು. ಆಗ ಮಂಜಿನೊಳಗಿಂದ ನನ್ನ ಹಕ್ಕಿ ಇಳಿಯಿತು. ಬಂಡೆಯ ಮೇಲೆ ಒಂದು ಸಲ ತೂಗಾಡಿ, ಎರಡನೆಯ ಸಲಕ್ಕೆ ಒಂದು ಬಂಗುಡೆಯನ್ನು ಸಿಕ್ಕಿಸಿಕೊಂಡು ಮೇಲೆದ್ದು ಮಂಜಿನೊಳಗೆ ಮಾಯವಾಯಿತು.

ದೊಡ್ಡಮ್ಮ ಅದು ಮಾಯವಾಗುವವರೆಗೂ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಊರಿನ ಕಡೆ ತಿರುಗಿದಳು.

"ಮುಟ್ಟಿತೂ!"

ಅಷ್ಟು ದಿನ ಕೇಳದ ಆ ದನಿಗೆ ಊರು ಹುಚ್ಚಾಯಿತು. ಬುಟ್ಟಿಗಳು ಓಡಿದವು. ಮಧ್ಯಾಹ್ನದ ಹೊತ್ತಿಗೆ ಬೀದಿಯ ತುಂಬ ಹುರಿದ ಮೀನಿನ, ಕೊತ್ತಂಬರಿ ಮೆಣಸು ಕಡೆದ ಮಸಾಲೆಯ ವಾಸನೆ. ಬೆಕ್ಕುಗಳು ಧರಣಿ ಕೈಬಿಟ್ಟವು. ದೊಡ್ಡಮ್ಮನೂ ಬಂಗುಡೆ ಸಾರು ಮಾಡಿ ನನಗೆ ಬಡಿಸಿದಳು. ನನಗೆ ಗೊತ್ತಿತ್ತಲ್ಲ, ನಿಜವಾದ ಹಕ್ಕಿ ಮುಟ್ಟಿಲ್ಲ ಅಂತ. ಆದರೂ ಆ ವಾಸನೆ! ಇಷ್ಟೊಂದು ಜನ ತಿನ್ನುವಾಗ ಉಪ್ಪು ಯಾರ್ಯಾರನ್ನು ಹುಡುಕಿಕೊಂಡು ಹೋದೀತು ಎಂದು ಧೈರ್ಯ ತಂದುಕೊಂಡೆ. "ನೀನು ತಿನ್ನುದಿಲ್ವಾ?" ಎಂದು ಕೇಳಿದೆ.

"ನಂಗೆ ಹೊಟ್ಟೆ ಸರಿ ಇಲ್ಲ, ಗಂಜಿ ಕುಡೀತೇನೆ. ನೀ ತಿನ್ನು. ಚೆನ್ನಾಗಿ ತಿನ್ನು," ಎಂದಳು. ಎದುರಿಗೆ ಕೂತು, ಕೊನೆಯ ತುತ್ತಿನವರೆಗೂ ನೋಡಿದಳು.

ನಾನು ಮಜ್ಜಿಗೆಗೆ ಕೈ ಹಾಕಿದ್ದು ನೆನಪಿದೆ. ಬಾಯಿಗಿಟ್ಟರೆ ಕಡಲು. ಪಕ್ಕದ ಮನೆಯಲ್ಲಿ ಯಾರೋ "ಥೂ!" ಎಂದರು. ಅದರಾಚೆ ಮನೆಯಲ್ಲೂ "ಥೂ!" ಆ "ಥೂ" ಬೀದಿಯ ಉದ್ದಕ್ಕೂ ಒಂದು ತುದಿಯಿಂದ ಇನ್ನೊಂದು ತುದಿಗೆ ಪಟಾಕಿ ಸರದ ಹಾಗೆ ಹೋಯಿತು. ಟಾಕೀಸಿನಲ್ಲಿ ಯಾವ ಹೀರೋ ಎಂಟ್ರಿಗೂ ಅಂಥ ಒಗ್ಗಟ್ಟಿನ ಸದ್ದು ಬಂದಿರಲಿಲ್ಲ.

ಸಂಜೆಯ ಹೊತ್ತಿಗೆ ಊರು ಬಂಡೆಯ ಮುಂದೆ ಸೇರಿತು. ಚಾ ಅಂಗಡಿಯ ಬೇಬಿಯಕ್ಕ ಮುಂದೆ ನಿಂತಿದ್ದಳು. "ನನ್ನ ಚಾಕ್ಕೆ ಸಕ್ಕರೆ ಹಾಕಿದ್ರೂ ಉಪ್ಪು, ಹಾಕದಿದ್ರೂ ಉಪ್ಪು! ಗಿರಾಕಿಗಳು ನನ್ನ ಮುಖಕ್ಕೆ ಉಗುಳುದೊಂದು ಬಾಕಿ!" ಎಂದಳು. ಗುರಿಕಾರರು ತಾಂಬೂಲ ಉಗುಳಿ ಬಂದು, "ಗುಲಾಬಿ, ಅದು ಹಕ್ಕಿಯೇ ಆಗಿತ್ತಾ?" ಎಂದರು.

ನಾನು ಬಾಯಿ ತೆರೆದೆ. ದೊಡ್ಡಮ್ಮ ನನ್ನ ಪಾದದ ಮೇಲೆ ಅವಳ ಪಾದ ಇಟ್ಟು ಒತ್ತಿದಳು. ಎಷ್ಟು ಜೋರಾಗಿ ಅಂದರೆ ಡೈಲಾಗು ಬದಲು ಬರೀ ಗಾಳಿ ಹೊರಟಿತು.

"ಮಂಜಿತ್ತು ಅಣ್ಣ," ಎಂದಳು ಅವಳು.

"ಮಂಜು ನಮಗೆ. ನಿನಗೆ ಮಂಜು ಇರಬಾರದು. ಸೋಮವಾರ ದಿನಕರ ಕರೀತಾನೆ. ಮುಗೀತು."

ಆಮೇಲೆ ಅವಳು ಮನೆಯಲ್ಲಿ ಮಾತು ಬಿಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಮೌನ ಕೇಳಲಾರದೆ ನಾನು ಟಾಕೀಸಿಗೆ ಹೋಗಿ ಬಾಲ್ಕನಿಯಲ್ಲಿ ಕಾಲು ಚಾಚಿ ಬಿದ್ದುಕೊಂಡೆ. ಉಪ್ಪು ಬಾಯಿ, ಖಾಲಿ ಪರದೆ. ಹಾಡು ಹಾಕುವ ಮನಸ್ಸೂ ಇರಲಿಲ್ಲ. ಹಾಗಾಗಿಯೇ ಆ ಸದ್ದು ಕೇಳಿಸಿತು. ಟಪ್. ಸ್ವಲ್ಪ ಬಿಟ್ಟು ಮತ್ತೆ ಟಪ್. ಆಮೇಲೆ ಟಪ್ ಟಪ್ ಟಪ್. ಮೊದಲೂ ಕೇಳಿದ್ದೆ, ಹುಡುಗರು ಕಲ್ಲು ಹೊಡೆಯುತ್ತಾರೆ ಎಂದು ಒಳಗಿನಿಂದಲೇ ಬೈದು ಸುಮ್ಮನಾಗಿದ್ದೆ. ಈಗ ಬೈಯಲು ಬಾಯಿ ತೆರೆದವನಿಗೆ ಏನೋ ಲೆಕ್ಕ ತಪ್ಪುತ್ತಿದೆ ಅನ್ನಿಸಿತು. ಕಲ್ಲು ಹೊಡೆಯುವ ಹುಡುಗರು ಇಷ್ಟು ಪುರುಸೊತ್ತಾಗಿ, ಇಷ್ಟು ತಾಳ್ಮೆಯಿಂದ ಹೊಡೆಯುತ್ತಾರೆಯೇ? ಪ್ರೊಜೆಕ್ಟರ್ ರೂಮಿನ ಹಿಂದಿನ ಕಬ್ಬಿಣದ ಏಣಿ ಹತ್ತಿ ತಲೆ ಹೊರಗೆ ಹಾಕಿದೆ.

ಊರಿನಲ್ಲಿ ಎಲ್ಲವೂ ಹೆಂಚಿನ ಮಾಡು. ಕಾಂಕ್ರೀಟಿನ ಚಪ್ಪಟೆ ಮಾಡು ಇರುವುದು ಟಾಕೀಸಿಗೆ ಮಾತ್ರ. ಅದರ ಮೇಲೆ ಕಾಲಿಡಲು ಜಾಗ ಇರಲಿಲ್ಲ. ಮೂಲೆಯಿಂದ ಮೂಲೆಗೆ ಒಡೆದ ಕಪ್ಪು ಚಿಪ್ಪು, ಪಾದ ಮುಳುಗುವಷ್ಟು. ಅದರ ಮೇಲೆ ಕೂತಿದ್ದವು ನಮ್ಮ ಬಿಳಿ ಹಕ್ಕಿಗಳು, ಇಡೀ ಬಳಗ. ಕೋಳಿಗಳ ಹಾಗೆ ದಪ್ಪಗಾಗಿ, ಕೊಕ್ಕನ್ನು ರೆಕ್ಕೆಯೊಳಗೆ ಸಿಕ್ಕಿಸಿಕೊಂಡು, ಮದುವೆ ಊಟ ಮುಗಿಸಿದ ಗಂಡಸರಂತೆ ತೂಕಡಿಸುತ್ತಿದ್ದವು. ಒಂದು ಹಕ್ಕಿ ಜೆಟ್ಟಿಯ ಕಡೆಯಿಂದ ಬಂತು, ಬಾಯಲ್ಲಿ ಪರದೇಶಿ ಚಿಪ್ಪು. ನೇರ ಮೇಲಕ್ಕೆ ಏರಿ, ತಲೆ ಓರೆ ಮಾಡಿ ಅಂದಾಜು ನೋಡಿ, ಬಾಯಿ ಬಿಟ್ಟಿತು. ಟಪ್. ಚಿಪ್ಪು ಒಡೆಯಿತು. ಹಕ್ಕಿ ಅವಸರವಿಲ್ಲದೆ ಇಳಿದು, ಒಳಗಿನ ಹಳದಿ ಮಾಂಸವನ್ನು ನಾಜೂಕಾಗಿ ಎಳೆದು ನುಂಗಿ, ನನ್ನನ್ನು ನೋಡಿತು. "ಟಿಕೆಟ್ ಉಂಟಾ?" ಎಂದು ಕೇಳುವ ಹಾಗೆ.

ಹಕ್ಕಿಗಳು ಯಾರ ಮೇಲೂ ಮುನಿಸಿಕೊಂಡಿರಲಿಲ್ಲ. ಅವುಗಳ ಹೊಟ್ಟೆ ತುಂಬಿತ್ತು.

ಓಡಿ ಹೋಗಿ ದೊಡ್ಡಮ್ಮನನ್ನು ಕರೆದುಕೊಂಡು ಬಂದೆ. ಅವಳು ಸೀರೆಯನ್ನು ಎತ್ತಿ ಕಟ್ಟಿ, ಏಣಿಯ ಪ್ರತಿ ಮೆಟ್ಟಿಲಿಗೂ ನನ್ನ ವಂಶವನ್ನು ಬೈಯುತ್ತಾ ಹತ್ತಿದಳು. ಮೇಲೆ ಬಂದು ಮೂಲೆಯಿಂದ ಮೂಲೆಗೆ ನೋಡಿದಳು. ಆಮೇಲೆ ಸೊಂಟದ ಮೇಲೆ ಕೈ ಇಟ್ಟು ಹಕ್ಕಿಗಳಿಗೇ ಶುರು ಮಾಡಿದಳು: "ಓಹೋ! ಇಲ್ಲಿ ಬಿದ್ದುಕೊಂಡಿದ್ದೀರಾ ದರಿದ್ರದವುಗಳೇ! ನಾನು ಅಲ್ಲಿ ಗಂಟಲು ಹರ್ಕೊಳ್ತಾ ಇದ್ರೆ ನಿಮಗೆ ಇಲ್ಲಿ ಔತಣವಾ? ಒಂದು ಮಾತು ಹೇಳಿ ಹೋಗ್ಲಿಕ್ಕೆ ಆಗ್ತಿರಲಿಲ್ವಾ?" ಒಂದು ಹಕ್ಕಿ ಕಣ್ಣು ತೆರೆದು, ಮತ್ತೆ ಮುಚ್ಚಿಕೊಂಡಿತು. ದೊಡ್ಡಮ್ಮ ನಗಲು ಶುರು ಮಾಡಿದಳು. ಎಷ್ಟೋ ದಿನಗಳ ಮೇಲೆ ನಕ್ಕಳು. "ಗಂಟಲು ಸರಿ ಉಂಟು ನಂದು. ಅವಕ್ಕೆ ಹಸಿವಿಲ್ಲ, ಅಷ್ಟೇ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ನನ್ನ ತಲೆಯಲ್ಲಿ ಬೇರೆಯೇ ಹುಳ ಹೊಕ್ಕಿತ್ತು. "ದೊಡ್ಡಮ್ಮ, ಹಕ್ಕಿ ಮುಟ್ಟಿದೆ ಅಲ್ವಾ? ಬಂಡೆ ಮೇಲೆ ಅಲ್ಲ, ಟಾಕೀಸಿನ ಮೇಲೆ. ಇದು ಪಾಸಾ, ಫೇಲಾ?"

ಅವಳು ಒಂದು ಚಿಪ್ಪು ಎತ್ತಿ ತಿರುಗಿಸಿ ನೋಡಿದಳು. ಅಂಥ ಪ್ರಶ್ನೆ ನಮ್ಮೂರಿನಲ್ಲಿ ಯಾರೂ ಕೇಳಿರಲಿಲ್ಲ. ಪಾಸಾದರೆ ಊರಿಗೆ ತಿನ್ನಲು ಬೇಕಾದಷ್ಟಿದೆ, ಬಂಡೆ ಬಂಡೆಯ ಮೇಲೆ. ನಾವೂ ತಿಂದು ಹಕ್ಕಿಯೂ ತಿಂದರೆ ಅಳಿವೆ ಬರಿದಾಗುತ್ತದೆ, ಮರುವಾಯಿ ಉಸಿರಾಡುತ್ತದೆ, ಹಕ್ಕಿಗೆ ಮತ್ತೆ ಮೀನು ನೆನಪಾಗುತ್ತದೆ. ಫೇಲಾದರೆ ತಿಂದವನ ಬಾಯಿ ಉಪ್ಪು. ತಿಂದು ನೋಡದೆ ಗೊತ್ತಾಗುವುದಿಲ್ಲ. ಆದರೆ ತಿಂದು ನೋಡುವವರು ಯಾರು? ಊರಿಡೀ ಉಪ್ಪು ನಾಲಿಗೆ ಹೊತ್ತು ಕೂತಿದೆ. ಉಪ್ಪಾದ ನಾಲಿಗೆ ಇನ್ನೇನು ಉಪ್ಪಾದೀತು?

"ದೇವಸ್ಥಾನದ ಭಟ್ಟರು ಮೀನು ತಿನ್ನುದಿಲ್ಲ, ಅವರ ನಾಲಿಗೆ ಚೊಕ್ಕ ಉಂಟು," ಎಂದೆ.

"ಭಟ್ಟರಿಗೆ ಚಿಪ್ಪು ತಿನ್ನಿಸ್ತೀಯಾ? ನಿಂಗೆ ಈ ಊರಲ್ಲಿ ಇರ್ಲಿಕ್ಕೆ ಮನಸ್ಸಿಲ್ವಾ?"

"ಹಾಗಾದ್ರೆ ನಾನೇ ತಿಂದು, ಬೆಲ್ಲ ಚಪ್ಪರಿಸಿ, ಸಿಹಿ ಉಂಟು ಅಂತ ಆಕ್ಟಿಂಗ್ ಮಾಡ್ತೇನೆ."

"ನಿನ್ನ ಆಕ್ಟಿಂಗ್ ಸಾಕು. ಉಪ್ಪು ಬಾಯಿಯವ ಬೆಲ್ಲ ಇಟ್ಟುಕೊಂಡ್ರೆ ಮುಖ ಹಿಂಡಿದ ಬಟ್ಟೆ ಆಗ್ತದೆ. ಸಣ್ಣ ಮಕ್ಕಳಿಗೂ ಗೊತ್ತಾಗ್ತದೆ." ಅವಳು ಕಡಲಿನ ಕಡೆ ನೋಡಿಕೊಂಡು, ಪೇಟೆಗೆ ಹೋಗಿ ಬರುತ್ತೇನೆ ಎನ್ನುವಷ್ಟು ಸಲೀಸಾಗಿ ಹೇಳಿದಳು: "ನಂದು ಚೊಕ್ಕ ಉಂಟು."

"ನಿಂದು? ಆವತ್ತು..." ಎಂದವನಿಗೆ ಆವತ್ತಿನ ಗಂಜಿ ನೆನಪಾಯಿತು.

"ಹಕ್ಕಿಯ ರೆಕ್ಕೆ ಮೇಲೆ ಮೀಸೆ ಇತ್ತು ಮಾರಾಯ," ಎಂದಳು ದೊಡ್ಡಮ್ಮ. "ಇಷ್ಟು ದಪ್ಪ ಮೀಸೆ. ಸುಣ್ಣ ಇನ್ನೊಂದು ಸಲ ಬಳೀಬೇಕಿತ್ತು."

"ಗೊತ್ತಿದ್ದೂ ಯಾಕೆ ಕೂಗಿದೆ?"

ಇನ್ನೊಂದು ಹಕ್ಕಿ ಬಂದು ಚಿಪ್ಪು ಬೀಳಿಸಿತು. "ಎಷ್ಟು ದಿನದಿಂದ ಆ ಮಾತು ಬಾಯಲ್ಲೇ ಕೂತಿತ್ತು. ಒಂದು ಸಲ ಕೂಗಬೇಕು ಅಂತ ಆಯ್ತು. ಎಲ್ಲರೂ ಹೇಗೆ ಓಡಿದ್ರು ನೋಡಿದ್ಯಲ್ಲ... ನಿನ್ನ ತಪ್ಪು ಗಾಳಿಪಟದ್ದು. ಅದು ತಮಾಷೆ. ಕೂಗಿದವಳು ನಾನು."

ಆಗ ನನಗೆ ಪೂರ್ತಿ ಅರ್ಥವಾಯಿತು. ಅವಳು ಊರಿನೆದುರು ಚೊಕ್ಕ ನಾಲಿಗೆ ತೋರಿಸಿ ಚಿಪ್ಪು ತಿಂದರೆ, ಆ ದಿನ ಮೀನು ತಿನ್ನಲಿಲ್ಲ ಎಂದು ಹೇಳಿದ ಹಾಗೆ. ತಿನ್ನಲಿಲ್ಲ ಎಂದರೆ ಗೊತ್ತಿತ್ತು ಎಂದ ಹಾಗೆ. ಮಂಜಿತ್ತು ಎಂದರೆ ಊರು ಒಂದು ದಿನ ಕ್ಷಮಿಸೀತು; ಗೊತ್ತಿದ್ದೂ ಕೂಗಿದಳು ಎಂದರೆ ಕ್ಷಮೆ ಇಲ್ಲ. "ಬೇಡ ದೊಡ್ಡಮ್ಮ. ಅಮಾವಾಸ್ಯೆ ಕಳೀಲಿ, ಆಮೇಲೆ ನನ್ನ ನಾಲಿಗೆಯಲ್ಲೇ ನೋಡುವ. ಕದ್ದು ತಿಂದು ನೋಡುವ," ಎಂದೆ.

"ಕದ್ದು ತಿಂದು ಹೇಳಿದ್ರೆ ನಿನ್ನ ಮಾತು ಯಾರು ನಂಬುದು? ಅಮಾವಾಸ್ಯೆ ತನಕ ಆ ಮಕ್ಕಳು ಹುರುಳಿ ಚಟ್ನಿಯೇ ತಿನ್ನಬೇಕಾ?" ಅವಳು ಏಣಿಯ ಕಡೆ ಕೈ ತೋರಿಸಿದಳು. "ಮಾತು ಸಾಕು. ಜೆಟ್ಟಿಗೆ ಹೋಗಿ ಜೀವ ಇರುವ ಚಿಪ್ಪು ತಾ. ಕೈ ಕೊಯ್ಕೊಳ್ಬೇಡ."

ಸೋಮವಾರ ದಿನಕರ ಬಂಡೆಯ ಪಕ್ಕ ನಿಂತು ಹಾರ್ನು ಒತ್ತಿದ. ಪೋಂ ಪೋಂ. ಒಂದು ನಾಯಿ ಬಂತು. ಮತ್ತೊಮ್ಮೆ ಒತ್ತಿದ. ಐಸ್‌ಕ್ಯಾಂಡಿ ಗಾಡಿ ಎಂದುಕೊಂಡು ಮಕ್ಕಳು ಬಂದರು. ಗುರಿಕಾರರು ಆಕಾಶವನ್ನೇ ಗದರಿಸುವವರಂತೆ ನೋಡುತ್ತಿದ್ದಾಗ ದೊಡ್ಡಮ್ಮ ಪಾತ್ರೆ ಹಿಡಿದು ಬಂದಳು. ಒಳಗೆ ಬೇಯಿಸಿದ ಪರದೇಶಿ ಚಿಪ್ಪುಗಳು ಬಾಯಿ ಬಿಟ್ಟುಕೊಂಡಿದ್ದವು. ನಾನು ಹಿಂದೆ.

"ಆ ದರಿದ್ರವನ್ನು ಬಂಡೆ ಮೇಲೆ ಇಟ್ಟರೆ ನೋಡು!" ಎಂದರು ಗುರಿಕಾರರು.

"ಇಡುದಿಲ್ಲ ಅಣ್ಣ. ಹಕ್ಕಿ ಇದನ್ನು ಟಾಕೀಸಿನ ಮಾಡಿನ ಮೇಲೆ ತಿಂದಾಗಿದೆ. ದಿನಾ ತಿಂತದೆ. ಬೇಕಾದ್ರೆ ಹತ್ತಿ ನೋಡಿ."

"ಅಲ್ಲಿ ತಿಂದದ್ದು ಆಗುದಿಲ್ಲ. ಬಂಡೆ ಅಂದ್ರೆ ಬಂಡೆ."

"ಆಗ್ತದಾ ಇಲ್ವಾ ನಾಲಿಗೆ ಹೇಳ್ಲಿ."

"ಯಾರ ನಾಲಿಗೆ ಗುಲಾಬಕ್ಕ?" ಎಂದಳು ಬೇಬಿಯಕ್ಕ. "ನಮ್ಮದೆಲ್ಲ ಉಪ್ಪಿನ ಆಗರ ಆಗಿದೆ."

"ಬೇಬಿ, ನಿನ್ನಂಗಡಿಯ ಬೆಲ್ಲ ಒಂದು ತುಂಡು ಕೊಡು."

ಬೇಬಿಯಕ್ಕ ಕೊಟ್ಟಳು. ದೊಡ್ಡಮ್ಮ ಅದನ್ನು ಬಾಯಿಗಿಟ್ಟು ಚೀಪಿದಳು. ಎಲ್ಲರೂ ಅವಳ ಮುಖ ನೋಡುತ್ತಿದ್ದರು. ಮುಖ ಹಿಂಡಲಿಲ್ಲ. ಕೆನ್ನೆಯೊಳಗೆ ಬೆಲ್ಲ ಆಚೀಚೆ ಓಡಾಡುವುದು ಕಾಣುತ್ತಿತ್ತು. "ಸಿಹಿ ಉಂಟು," ಎಂದಳು.

ಮೊದಲು ಯಾರಿಗೂ ಹೊಳೆಯಲಿಲ್ಲ. ಆಮೇಲೆ ಗುರಿಕಾರರ ಹುಬ್ಬು ನಿಧಾನವಾಗಿ ಮೇಲೆ ಹೋಯಿತು. "ನೀನು ಆವತ್ತು ಮೀನು ತಿಂದಿಲ್ಲ."

"ಇಲ್ಲ."

"ಅದು ಹಕ್ಕಿಯಲ್ಲ ಅಂತ ಗೊತ್ತಿತ್ತು."

"ಗೊತ್ತಿತ್ತು."

"ಗಾಳಿಪಟ ನಂದು!" ಎಂದು ನಾನು ಕೂಗಿದೆ. ಡೈಲಾಗು ಅಲ್ಲ, ಬರೀ ಕೂಗು.

"ನಿಂದೇ ಇರ್ತದೆ, ಬೇರೆ ಯಾರದ್ದು? ನೀ ಸುಮ್ಮನಿರು," ಎಂದರು ಗುರಿಕಾರರು, ನನ್ನನ್ನು ನೋಡದೆಯೇ. ಅವರ ದನಿಯಲ್ಲಿ ಸಿಟ್ಟಿಗಿಂತ ಬೇರೆ ಏನೋ ಇತ್ತು. "ಗುಲಾಬಿ, ನಾವು ನಿನ್ನ ಬಾಯಿ ನಂಬಿ ಅನ್ನ ಉಂಡವರು. ಇನ್ನು ನೀನು ಬಂಡೆ ಹತ್ತಿರ ಬರಬೇಡ. ಕರೀಬೇಡ. ಹಕ್ಕಿ ಬಂದರೂ ಬೇಡ."

ಯಾರೂ ಅವಳ ಪರ ಮಾತಾಡಲಿಲ್ಲ. ಬೇಬಿಯಕ್ಕ ನೆಲ ನೋಡಿದಳು.

"ಸರಿ," ಎಂದಳು ದೊಡ್ಡಮ್ಮ. "ಕರೆಯುದಿಲ್ಲ. ತಿನ್ನಬಹುದಲ್ಲ?"

ಪಾತ್ರೆಯಿಂದ ಒಂದು ಚಿಪ್ಪು ಎತ್ತಿ, ಒಳಗಿನ ಮಾಂಸವನ್ನು ಬೆರಳಿನಿಂದ ಬಿಡಿಸಿ ಬಾಯಿಗೆ ಹಾಕಿಕೊಂಡಳು. ಅಗಿದಳು. ನುಂಗಿದಳು. ಕಳೆದುಕೊಳ್ಳುವುದನ್ನು ಕಳೆದುಕೊಂಡಾಗಿತ್ತು, ಈಗ ನಾಲಿಗೆಯೂ ಉಪ್ಪಾದರೆ? ನಾಯಿಯೂ ಸುಮ್ಮನೆ ಕೂತಿತ್ತು. ಎಲೆ ಎತ್ತುವಷ್ಟು ಹೊತ್ತು ಕಳೆಯಿತು. ಅದಕ್ಕಿಂತ ಹೆಚ್ಚು ಹೊತ್ತು ಕಳೆಯಿತು. ಬೇಬಿಯಕ್ಕ ತಾನಾಗಿಯೇ ಇನ್ನೊಂದು ತುಂಡು ಬೆಲ್ಲ ಚಾಚಿದಳು. ದೊಡ್ಡಮ್ಮ ಅದನ್ನು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದಳು.

ಬೆಲ್ಲ ಕರಗಿತು. ಅವಳ ಮುಖ ಹಿಂಡಲೇ ಇಲ್ಲ.

ಮೊದಲು ಓಡಿದ್ದು ಮಕ್ಕಳು, ಆಮೇಲೆ ಹೆಂಗಸರು, ಕತ್ತಿ, ಬುಟ್ಟಿ, ಹಳೆಯ ಚಪ್ಪಲಿ ಹುಡುಕಿಕೊಂಡು. ಮಧ್ಯಾಹ್ನದೊಳಗೆ ಜೆಟ್ಟಿಯ ಅರ್ಧ ಕಂಬಗಳು ಬೋಳಾದವು. ದಡದ ಮೇಲೆಯೇ ಕಲ್ಲು ಹೂಡಿ ದೊಡ್ಡ ಹಂಡೆಗಳಲ್ಲಿ ಪರದೇಶಿ ಬೆಂದಿತು. ಕೆಲವರು ತೆಂಗಿನತುರಿ ಹಾಕಿದರು, ಕೆಲವರು ಬರೀ ಕಾಳುಮೆಣಸು. ತಿನ್ನಲು ಕೂತ ಮೇಲೆಯೇ ಎಲ್ಲರಿಗೂ ನೆನಪಾದದ್ದು: ಹೊಟ್ಟೆ ತುಂಬುತ್ತದೆ, ಆದರೆ ಬಾಯಿ ಇನ್ನೂ ಕಡಲು. ಅಮಾವಾಸ್ಯೆಗೆ ದಿನ ಇತ್ತು. ಅಷ್ಟು ದಿನದ ಮೇಲೆ ಸಿಕ್ಕಿದ ಹೊಸ ಪದಾರ್ಥ, ರುಚಿ ಮಾತ್ರ ಯಾರಿಗೂ ಗೊತ್ತಿಲ್ಲ. ಅಗಿಯುವುದು, ಒಬ್ಬರ ಮುಖ ಇನ್ನೊಬ್ಬರು ನೋಡುವುದು. ಊರಿನಲ್ಲಿ ಅದು ಗೊತ್ತಿದ್ದ ನಾಲಿಗೆ ಒಂದೇ. ಅದು ದೂರದಲ್ಲಿ, ಮಗುಚಿದ ದೋಣಿಯ ನೆರಳಿನಲ್ಲಿ ನನ್ನ ಜೊತೆ ಕೂತು ಊಟ ಮಾಡುತ್ತಿತ್ತು.

ಮೊದಲು ಬೇಬಿಯಕ್ಕ ಬಂದಳು, ತಟ್ಟೆ ಹಿಡಿದುಕೊಂಡು. "ಗುಲಾಬಕ್ಕ... ಹ್ಯಾಗುಂಟು ಇದು?"

ದೊಡ್ಡಮ್ಮ ಸ್ವಲ್ಪ ಬಿಗುವಿನಿಂದ ಕೂತಳು. ಆಮೇಲೆ, "ಮರುವಾಯಿಯಷ್ಟು ಗಟ್ಟಿ ಇಲ್ಲ," ಎಂದಳು. "ಮೊದಲು ಬರೀ ಮೆತ್ತಗೆ. ಅಗಿದ ಹಾಗೆ ಒಳಗೊಂದು ಸಣ್ಣ ಸಿಹಿ ಬರ್ತದೆ. ಎಳನೀರಿನ ಬೊಂಡದ ಒಳಗಿನ ಎಳೇ ಗಂಜಿ ಉಂಟಲ್ಲ, ಹಾಗೆ." ಬೇಬಿಯಕ್ಕ ಅಲ್ಲೇ ಕೂತು, ಕಣ್ಣು ಮುಚ್ಚಿ, ಬೊಂಡದ ಗಂಜಿಯನ್ನು ನೆನೆಯುತ್ತಾ ಅಗಿದಳು. ಅವಳ ಹಿಂದೆ ಇನ್ನಿಬ್ಬರು ಬಂದರು, ಅವರ ಹಿಂದೆ ಮಕ್ಕಳು, ಕೊನೆಗೆ ಹಾರ್ನು ಹಿಡಿದ ದಿನಕರನೂ. ಎಲ್ಲರೂ ಕಣ್ಣು ಮುಚ್ಚಿ ತಿನ್ನುತ್ತಿದ್ದರು. "ಖಾರ ಹಾಕಿದ್ದು ಹ್ಯಾಗೆ ಚಿಕ್ಕಮ್ಮ?" "ಕೊನೆಗೆ ಎಂತ ಬರ್ತದೆ ಬಾಯಲ್ಲಿ?" "ಬೇಗ ಹೇಳಿ, ನಾನು ನುಂಗಿ ಆಗ್ತದೆ!"

ಜನ ಸರಿದು ದಾರಿ ಬಿಟ್ಟಾಗ ಗುರಿಕಾರರು ನಿಂತಿದ್ದರು. ಕೈಯಲ್ಲಿ ಬಟ್ಟಲು, ಅದರ ತುಂಬ ಕಾಳುಮೆಣಸಿನ ಪರದೇಶಿ. ಇನ್ನೂ ಒಂದನ್ನೂ ಮುಟ್ಟಿರಲಿಲ್ಲ. ಅವರು ನನ್ನ ಕಡೆ ನೋಡಿದರು, ಕಡಲಿನ ಕಡೆ ನೋಡಿದರು, ಕೊನೆಗೆ ಗಂಟಲು ಸರಿಮಾಡಿಕೊಂಡು, ಯಾರಿಗೂ ಕೇಳಿಸಬಾರದು ಎನ್ನುವ ದನಿಯಲ್ಲಿ ಕೇಳಿದರು: "ಗುಲಾಬಿ... ಇದು?"

ದೊಡ್ಡಮ್ಮ ಅವರ ಬಟ್ಟಲಿಗೆ ಕೈ ಹಾಕಿ ಒಂದನ್ನು ತೆಗೆದು ಬಾಯಿಗಿಟ್ಟುಕೊಂಡಳು. ನಿಧಾನವಾಗಿ ಅಗಿದಳು. ಗುರಿಕಾರರು ಬಗ್ಗಿ ಅವಳ ಬಾಯನ್ನೇ ನೋಡುತ್ತಿದ್ದರು.

"ನಿಲ್ಲಿ ಅಣ್ಣ," ಎಂದಳು. "ಇನ್ನೊಂದು ತಿಂದು ನೋಡಿ ಹೇಳ್ತೇನೆ."